ಬೆಳ್ವೊಲದ ಗುಡಿಗಳು: ಕಲ್ಲಿನಿಂದ ಶಾಸನದವರೆಗೆ ಓದುವ ಬಗೆ

ಗದಗ ಸೀಮೆಯ ಯಾವ ಹಳೇ ಗುಡಿಯ ಮುಂದೆ ನಿಂತು ಕಟ್ಟಿದವರು ಯಾರು ಎಂದು ಕೇಳಿದರೂ ಸಿಗುವ ಉತ್ತರ ಒಂದೇ: ಜಕಣಾಚಾರಿ. ಲಕ್ಕುಂಡಿಯದೂ ಅವನದೇ, ಡಂಬಳದ್ದೂ ಅವನದೇ, ಅಲ್ಲಿಂದ ಬೇಲೂರಿಗೂ ಅವನೇ ಹೋದ. ಲೆಕ್ಕ ಹಾಕಿದರೆ ಆ ಪುಣ್ಯಾತ್ಮ ಇನ್ನೂರು ವರ್ಷವಾದರೂ ಉಳಿ ಹಿಡಿದಿರಬೇಕು. ಕಥೆ ಚೆನ್ನಾಗಿದೆ, ಇರಲಿ. ಆದರೆ ಗುಡಿಯ ವಯಸ್ಸು, ಒಡೆಯ, ಕಟ್ಟಿದ ಕ್ರಮ, ಆಮೇಲೆ ಆದ ರಿಪೇರಿ ಇವೆಲ್ಲ ಕಲ್ಲಿನಲ್ಲೇ ಬರೆದಿವೆ. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಗೈಡ್ ಇಲ್ಲದೆಯೂ ಒಂದು ಗುಡಿಯ ಕಾಲವನ್ನು ಐವತ್ತು ವರ್ಷದ ಅಂದಾಜಿಗೆ ತರಬಹುದು.

ಮೊದಲು ನಾಡು. ಶಾಸನಗಳಲ್ಲಿ ಬರುವ ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ಎಂಬ ಎರಡು ಹಳೇ ಆಡಳಿತ ವಿಭಾಗಗಳು ಸೇರಿದರೆ ಇಂದಿನ ಗದಗ ಜಿಲ್ಲೆಯ ಬಹುಪಾಲು, ಧಾರವಾಡ ಮತ್ತು ಕೊಪ್ಪಳದ ಒಂದಷ್ಟು ಭಾಗ. ಎರಡನ್ನೂ ಜೊತೆಗೂಡಿಸಿ ‘ಎರಡರುನೂರು’ ಎಂದು ಕರೆಯುವುದೂ ಇತ್ತು. ಅಣ್ಣಿಗೇರಿ ಬೆಳ್ವೊಲದ ರಾಜಧಾನಿ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂದು ನಾಲ್ಕು ಊರು ಹೆಸರಿಸುತ್ತದಲ್ಲ, ಆ ನಾಲ್ಕರ ನಡುವೆ ಬರುವ ಎರೆಭೂಮಿ ಇದು. ಹತ್ತಿ, ಬಿಳಿಜೋಳ, ಕಡಲೆ ಬೆಳೆಯುವ ಹೊಲಗಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಅಂದರೆ ಸುಮಾರು 1000ದಿಂದ 1190ರೊಳಗೆ, ಇಲ್ಲಿ ಎದ್ದಷ್ಟು ಗುಡಿಗಳು ಅವರ ರಾಜಧಾನಿ ಕಲ್ಯಾಣದ ಸುತ್ತಲೂ ಉಳಿದಿಲ್ಲ. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಕಾಲಡಿಯಲ್ಲೇ ಇದೆ.

ಬಳಪದ ಕಲ್ಲು. ಶಾಲೆಯಲ್ಲಿ ಪಾಟಿಯ ಮೇಲೆ ಬರೆಯುತ್ತಿದ್ದ ಬಳಪ ಇದರ ಹತ್ತಿರದ ನೆಂಟ. ಹಸಿರು ಛಾಯೆಯ ಬೂದು ಬಣ್ಣ, ಮುಟ್ಟಿದರೆ ನುಣುಪು. ಗಣಿಯಿಂದ ಹೊರಬಂದ ಹೊಸದರಲ್ಲಿ ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ, ಗಾಳಿಬಿಸಿಲಿಗೆ ಒಡ್ಡಿಕೊಂಡಂತೆ ಮೇಲ್ಮೈ ಗಡುಸಾಗುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕೆಂಪು ಮರಳುಗಲ್ಲಿನ ಗುಣ ಬೇರೆ. ಅದರಲ್ಲಿ ದೊಡ್ಡ ದೊಡ್ಡ ದಿಮ್ಮಿ ಸಿಗುತ್ತವೆ, ಮೂರ್ತಿ ಅಗಲವಾಗಿ ಬರುತ್ತದೆ, ಆದರೆ ಕಾಳಿನ ಕಲ್ಲಾದ್ದರಿಂದ ಕೂದಲೆಳೆಯ ಕೆಲಸ ನಿಲ್ಲುವುದಿಲ್ಲ. ಬಳಪದ ಕಲ್ಲಿನಲ್ಲಿ ಮೂರ್ತಿಯ ಕೊರಳ ಸರದ ಮಣಿಯ ಹಿಂದೆ ನೆರಳು ಬೀಳುವಷ್ಟು ಕೊರೆಯಬಹುದು. ಹಾಗಾಗಿಯೇ ಗೋಡೆಯ ಕಲ್ಲುಗಳು ಸಣ್ಣವಾದವು, ಕೆತ್ತನೆಯೂ ಸಣ್ಣದಾಯಿತು, ಒತ್ತೊತ್ತಾಯಿತು. ಇದು ಅಭಿರುಚಿಯ ಬದಲಾವಣೆ ಎಂದು ಹೇಳುವವರಿದ್ದಾರೆ. ಅರ್ಧ ನಿಜ. ಉಳಿದರ್ಧ ಗಣಿಯ ಬದಲಾವಣೆ.

ಈ ದಾಟು ಹೇಗಾಯಿತೆಂದು ನೋಡಲು ಕುಕನೂರಿಗೆ ಹೋಗಬೇಕು. ಅಲ್ಲಿನ ನವಲಿಂಗ ಗುಡಿಗಳ ಗುಂಪು 9ನೇ ಶತಮಾನದ ರಾಷ್ಟ್ರಕೂಟರ ಕಾಲದ್ದು. ಅದೇ ಊರಿನ ಕಲ್ಲೇಶ್ವರ 10ನೇ ಶತಮಾನದ ಕೊನೆಯದು. ಕಲ್ಲೇಶ್ವರದ ತಳವಿನ್ಯಾಸ ಇನ್ನೂ ಪಟ್ಟದಕಲ್ಲಿನ ಕಡೆಗೇ ವಾಲಿದೆ, ಶಿಖರ ಮಾತ್ರ ಮುಂದಿನ ಶತಮಾನದ ದಾರಿ ಹಿಡಿದಿದೆ. ಅಣ್ಣಿಗೇರಿಯ ಅಮೃತೇಶ್ವರ 1050ರ ಸುಮಾರಿನದು, ಪೂರ್ತಿ ಬಳಪದ ಕಲ್ಲಿನಲ್ಲಿ ಕಟ್ಟಿದ ದೊಡ್ಡ ಗುಡಿಗಳಲ್ಲಿ ಮೊದಲ ಸಾಲಿನದು. 76 ಕಂಬಗಳಿವೆ. ಇವುಗಳನ್ನು ಇದೇ ಕ್ರಮದಲ್ಲಿ ನೋಡಿ ಬಂದವರಿಗೆ ಲಕ್ಕುಂಡಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಈಗ ಕಂಬ. ಚಾಲುಕ್ಯ ಗುಡಿಯೊಳಗೆ ಕಾಲಿಟ್ಟವರೆಲ್ಲ ಮೊದಲು ಕಂಬ ಮುಟ್ಟುತ್ತಾರೆ, ‘ಮಷಿನಿನಲ್ಲಿ ಮಾಡಿದ ಹಾಗಿದೆ’ ಎನ್ನುತ್ತಾರೆ. ಮಾತು ತೀರಾ ಸುಳ್ಳಲ್ಲ. ಇವು ಕಡೆದ ಕಂಬಗಳು. ಬುಗುರಿಯನ್ನೋ ತೊಟ್ಟಿಲ ಗುಬ್ಬಿಯನ್ನೋ ಬಡಗಿ ಕಡೆಯುವಂತೆ, ಉಳಿಯಲ್ಲಿ ಒರಟು ಆಕಾರ ತಂದ ಕಲ್ಲನ್ನು ತಿರುಗಿಸುತ್ತ, ಅಲುಗಾಡದಂತೆ ಹಿಡಿದ ಹತ್ಯಾರಿಗೆ ಒಡ್ಡಿ ಏಣು, ತೋಡು, ಗಂಟೆಯಾಕಾರದ ಉಬ್ಬು ತೆಗೆಯುತ್ತಿದ್ದರು. ಇದಕ್ಕೆ ಸಾಕ್ಷಿ ಬೇಕಿದ್ದರೆ ಮೊಬೈಲ್ ಟಾರ್ಚನ್ನು ಕಂಬಕ್ಕೆ ಎದುರಾಗಿ ಹಿಡಿಯದೆ ಪಕ್ಕದಿಂದ, ಕಂಬದ ಮೈಗೆ ಹೆಚ್ಚುಕಡಿಮೆ ತಾಗಿಸಿದಂತೆ ಬಿಡಿ. ಕೊರಳಿನ ಭಾಗದಲ್ಲಿ ಸುತ್ತಲೂ ಒಂದೇ ಸಮನೆ ಓಡುವ ಕೂದಲೆಳೆಯ ಗೆರೆಗಳು ಕಾಣುತ್ತವೆ. ಕೈ ಉಳಿಯ ಕೆಲಸದಲ್ಲಿ ಗೆರೆ ತುಂಡು ತುಂಡಾಗಿರುತ್ತದೆ, ದಿಕ್ಕು ತಪ್ಪಿರುತ್ತದೆ. ಕಡೆದ ಗೆರೆ ಶುರುವಾದಲ್ಲಿಗೇ ಬಂದು ಸೇರುತ್ತದೆ.

ಎಲ್ಲ ಕಂಬವೂ ಕಡೆದದ್ದಲ್ಲ, ಇಲ್ಲಿ ಎಡವುವವರು ಬಹಳ. ಬುಡದ ಚೌಕ ಕಡೆದದ್ದಾಗಿರಲು ಸಾಧ್ಯವೇ ಇಲ್ಲ, ತಿರುಗುವ ಕಲ್ಲಿನಲ್ಲಿ ಮೂಲೆ ಉಳಿಯುವುದಿಲ್ಲ. ನಡುವೆ ಚೌಕ ಪಟ್ಟಿ ಬಂದು ಅದರ ಮೇಲೂ ಕೆಳಗೂ ದುಂಡಾಗಿದ್ದರೆ ಆ ಚೌಕವನ್ನು ಹಾಗೇ ಬಿಟ್ಟು ಉಳಿದದ್ದನ್ನು ಕಡೆದಿದ್ದಾರೆ. ನಕ್ಷತ್ರದಂತೆ ಏಣುಗಳಿರುವ ಕಂಬ, ಗದಗದ ತ್ರಿಕೂಟೇಶ್ವರದ ಆವರಣದಲ್ಲಿರುವ ಸರಸ್ವತಿ ಗುಡಿಯ ಕಂಬಗಳಂಥ ತುಂಬ ಕೆತ್ತನೆಯ ಕಂಬ, ಇವುಗಳ ಮೇಲಿನ ಕೆಲಸ ಕೈಯದೇ. ‘ಬುಡದಿಂದ ತುದಿವರೆಗೆ ಒಂದೇ ಕಲ್ಲು’ ಎಂಬುದೂ ಪೂರ್ತಿ ಸರಿಯಲ್ಲ. ಸಾಮಾನ್ಯವಾಗಿ ಕಾಂಡ ಒಂದು ಕಲ್ಲು, ಅದರ ಮೇಲಿನ ತಟ್ಟೆಯಂಥ ಫಲಕ ಮತ್ತು ತೊಲೆ ಹೊರುವ ಬೋದಿಗೆ ಬೇರೆ ಕಲ್ಲು. ಫಲಕದ ಕೆಳಗಿನ ಸಂದಿನಲ್ಲಿ ಬೆಳಕು ಬಿಟ್ಟರೆ ಜೋಡಣೆಯ ಗೆರೆ ತಾನಾಗಿ ತೋರುತ್ತದೆ. ಗಾರೆಯಿಲ್ಲ, ಅಂಟಿಲ್ಲ. ಮೇಲಿನ ಭಾರವೇ ಹಿಡಿದಿಟ್ಟಿರುವುದು.

ಭಾರ ಎಂದರೆ ಎಷ್ಟು? ಹತ್ತಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ದಪ್ಪದ ತೊಲೆ ಇಪ್ಪತ್ತೆರಡೂವರೆ ಘನ ಅಡಿ. ಬಳಪದ ಕಲ್ಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಟನ್. ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಗಾರೆ. ಕಲ್ಲು ಒತ್ತಡ ತಡೆಯುವುದರಲ್ಲಿ ಗಟ್ಟಿ, ಎಳೆತ ತಡೆಯುವುದರಲ್ಲಿ ಬಡಪಾಯಿ. ಎರಡು ಕಂಬದ ನಡುವೆ ಮಲಗಿದ ತೊಲೆಯ ಕೆಳಮೈ ಯಾವಾಗಲೂ ಎಳೆತದಲ್ಲಿರುತ್ತದೆ, ಬಿರುಕು ಬಂದರೆ ಮೊದಲು ಅಲ್ಲೇ, ನಟ್ಟನಡುವೆ ಬರುತ್ತದೆ. ಕಂಬಗಳು ಅಷ್ಟು ಒತ್ತಾಗಿರುವುದಕ್ಕೆ, ಬೋದಿಗೆಗಳು ಎರಡೂ ಕಡೆಗೆ ಕೈ ಚಾಚಿ ತೊಲೆಯ ಬಿಡುವನ್ನು ಕಡಿಮೆ ಮಾಡಿರುವುದಕ್ಕೆ ಇದೇ ಕಾರಣ. ಸಾಲು ತಪ್ಪಿ ನಿಂತ, ಕೆತ್ತನೆಯಿಲ್ಲದ ಚೌಕಗಂಬವೊಂದು ಮಂಟಪದಲ್ಲಿ ಕಂಡರೆ ತಲೆಯೆತ್ತಿ ನೋಡಿ: ಮೇಲಿನ ತೊಲೆ ಸೀಳಿರುತ್ತದೆ, ಅದಕ್ಕೆ ಊರುಗೋಲು ಕೊಟ್ಟಿರುತ್ತಾರೆ.

ತೊಲೆ ಉದ್ದ ಮಾಡಲಾಗದಿದ್ದರೂ ನಡುವಿನ ಅಂಕಣವನ್ನು ದೊಡ್ಡದು ಮಾಡಲು ಒಂದು ಉಪಾಯವಿತ್ತು. ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದ, ಮಧ್ಯದ ಒಳಛಾವಣಿಯ ಕೆಳಗೆ ನಿಂತು ಎಣಿಸಿ. ಎಂಟಡಿ ಚೌಕದ ನಾಲ್ಕು ಮೂಲೆಗೂ ಒಂದೊಂದು ತ್ರಿಕೋನ ಕಲ್ಲು ಅಡ್ಡ ಇಟ್ಟರೆ ಒಳಗೆ ಇನ್ನೊಂದು ಚೌಕ ಉಳಿಯುತ್ತದೆ, ಓರೆಯಾಗಿ ತಿರುಗಿದ ಚೌಕ, ಬದಿ ಸುಮಾರು ಐದೂಮುಕ್ಕಾಲು ಅಡಿಗಿಂತ ಕೊಂಚ ಕಡಿಮೆ. ಅದರ ಮೂಲೆಗಳಿಗೆ ಮತ್ತೆ ನಾಲ್ಕು ಕಲ್ಲು: ಬದಿ ನಾಲ್ಕಡಿ. ಇನ್ನೊಂದು ಸುತ್ತು: ಮೂರಡಿಗೂ ಕಡಿಮೆ. ಉಳಿದ ಕಿಂಡಿಗೆ ಒಂದೇ ಚಪ್ಪಡಿ, ಅದರಲ್ಲಿ ಕಮಲ. ಪ್ರತಿ ಸುತ್ತಿಗೂ ತೆರೆದ ಜಾಗ ಸರಿಯಾಗಿ ಅರ್ಧವಾಗುತ್ತದೆ. ಯಾವ ಕಲ್ಲೂ ಉದ್ದವಿಲ್ಲ, ಆದರೂ ಎಂಟಡಿ ಮುಚ್ಚಿತು. ಬೆಳ್ವೊಲದ ಹೊರಗೆ, ಹಾನಗಲ್ಲಿನ ತಾರಕೇಶ್ವರದಲ್ಲಿ, ಎಂಟು ಮೂಲೆಯ ತಳದ ಮೇಲೆ ಉಂಗುರ ಉಂಗುರವಾಗಿ ಕಲ್ಲು ಚಾಚಿ ದೊಡ್ಡ ಕಮಲವನ್ನೇ ತೂಗಿಬಿಟ್ಟಿದ್ದಾರೆ. ಕತ್ತು ನೋಯುವವರೆಗೆ ನೋಡಬೇಕಾದ್ದು ಅದು.

ಹೊರಗೆ ಬಂದು ಗೋಡೆ ನೋಡುವಾಗ ಕೆಳಗಿನಿಂದ ಶುರು ಮಾಡಿ. ನೆಲಕ್ಕೆ ತಾಗಿದ ಉಪಾನ, ಅದರ ಮೇಲೆ ಜಗತಿ, ಚೂಪು ಅಥವಾ ದುಂಡು ಅಂಚಿನ ಕುಮುದ, ಒಳಸರಿದ ಕಂಠ, ಸೂರಿನಂತೆ ಬಾಗಿದ ಕಪೋತ. ಇಷ್ಟೂ ಸೇರಿ ಅಧಿಷ್ಠಾನ. ಈಗ ಹಲವು ಕಡೆ ಉಪಾನ ಕಾಣುವುದೇ ಇಲ್ಲ, ಸುತ್ತಲ ನೆಲ ಎರಡಡಿ ಏರಿದೆ. ಅಧಿಷ್ಠಾನ ಮೊಟಕಾಗಿ ಕಂಡರೆ ಶಿಲ್ಪಿಯ ತಪ್ಪಲ್ಲ, ಉಳಿದದ್ದು ಮಣ್ಣೊಳಗಿದೆ. ಗೋಡೆಯ ಮೇಲೆ ಅರೆಗಂಬಗಳು, ಅವುಗಳ ತಲೆಯ ಮೇಲೆ ಪುಟ್ಟ ಪುಟ್ಟ ಗೋಪುರಗಳು. ಇವು ಬರೀ ಅಲಂಕಾರವಲ್ಲ. ಒಂದೊಂದೂ ಒಂದೊಂದು ಗುಡಿಯ ಮಾದರಿ. ಲಕ್ಕುಂಡಿಯ ಕಾಶಿವಿಶ್ವನಾಥದಲ್ಲಿ ದ್ರಾವಿಡ ಗೋಪುರದ ಪಕ್ಕದಲ್ಲೇ ಉತ್ತರದ ನಾಗರ ಶೈಲಿಯ ಬಾಗಿದ ಶಿಖರದ ಮಾದರಿಯೂ ಇದೆ. ಇಲ್ಲಿನ ರೂವಾರಿಗಳಿಗೆ ಗುಜರಾತು, ಮಾಳವದ ಕಡೆಯ ಗುಡಿಗಳ ರೂಪ ಗೊತ್ತಿತ್ತು, ಅದನ್ನು ತಾವು ಕಟ್ಟದೆ ಗೋಡೆಯ ಮೇಲೆ ಕೆತ್ತಿ ತೋರಿಸಿದರು.

ಕಾಶಿವಿಶ್ವನಾಥದ ಇನ್ನೊಂದು ವಿಶೇಷ ಅದು ದ್ವಿಕೂಟ ಎಂಬುದು. ಪಶ್ಚಿಮದ ದೊಡ್ಡ ಗರ್ಭಗುಡಿ ಶಿವನದು. ಅದಕ್ಕೆ ಎದುರಾಗಿ, ಪಶ್ಚಿಮಕ್ಕೆ ಮುಖ ಮಾಡಿದ ಚಿಕ್ಕದು ಸೂರ್ಯನದು. ನಡುವೆ ತೆರೆದ ಕಟ್ಟೆ. ದೊಡ್ಡ ಗುಡಿಯ ಬಾಗಿಲವಾಡದ ಶಾಖೆಗಳನ್ನು ಒಂದೊಂದಾಗಿ ಎಣಿಸಲು ಹತ್ತು ನಿಮಿಷ ಕೊಡಿ. ಒಂದು ಬಳ್ಳಿ, ಒಂದು ವ್ಯಾಳಿ (ಸಿಂಹದಂಥ ಕಲ್ಪನೆಯ ಪ್ರಾಣಿ), ಒಂದು ಅರೆಗಂಬ, ಒಂದು ಬರೀ ವಜ್ರದ ಏಣು, ಹೀಗೆ ಪಟ್ಟಿಗಳು ಒಂದರ ಪಕ್ಕ ಒಂದು ಇಳಿದಿವೆ. ಬಾಗಿಲ ಮೇಲಿನ ಲಲಾಟಬಿಂಬದಲ್ಲಿ ಗಜಲಕ್ಷ್ಮಿ ಕಂಡ ಕೂಡಲೇ ಲಕ್ಷ್ಮಿ ಗುಡಿ ಎನ್ನಬೇಡಿ. ಶಿವನ ಗುಡಿಗೂ ಅವಳೇ, ವಿಷ್ಣುವಿನ ಗುಡಿಗೂ ಅವಳೇ. ಗುಡಿ ಯಾರದೆಂದು ತಿಳಿಯಲು ದ್ವಾರಪಾಲಕರ ಕೈ ನೋಡಿ: ತ್ರಿಶೂಲ, ಡಮರು ಇದ್ದರೆ ಶಿವ, ಶಂಖ, ಚಕ್ರ ಇದ್ದರೆ ವಿಷ್ಣು. ಒಳಗಿನ ದೇವರು ಕಾಲಕಾಲಕ್ಕೆ ಬದಲಾಗಿರಬಹುದು, ಬಾಗಿಲವಾಡವನ್ನು ಯಾರೂ ಅಷ್ಟು ಸುಲಭಕ್ಕೆ ಬದಲಿಸುವುದಿಲ್ಲ. ಅಂದಹಾಗೆ ಲಕ್ಕುಂಡಿಯ ಹಳೆಯ ದೊಡ್ಡ ಕಟ್ಟಡ ಶೈವವೂ ಅಲ್ಲ, ವೈಷ್ಣವವೂ ಅಲ್ಲ: ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ. ಮುಂದಿನ ನೂರು ವರ್ಷದ ಶಿವಗುಡಿಗಳನ್ನು ನೋಡುವ ಮೊದಲು ಅದನ್ನು ನೋಡಿಕೊಂಡರೆ ಅಳತೆಗೋಲು ಸಿಕ್ಕಂತೆ.

ಡಂಬಳದ ದೊಡ್ಡಬಸಪ್ಪ ಗುಡಿಗೆ ಬೇರೆಯದೇ ಬುದ್ಧಿ ಬೇಕು. ಇಲ್ಲಿ ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ನೋಡಿದರೆ ತಲೆ ತಿರುಗುತ್ತದೆ, ಬಿಡಿಸಿದರೆ ಸರಳ. ಒಂದು ಗೂಟ, ಒಂದು ಹಗ್ಗ ಸಾಕು. ವೃತ್ತ ಎಳೆದು ಅದರ ಸುತ್ತಳತೆಯನ್ನು 24 ಸಮಭಾಗ ಮಾಡಿ ಅಂಕಿ ಹಾಕಿ. 1, 7, 13, 19 ಸೇರಿಸಿದರೆ ಒಂದು ಚೌಕ. 2, 8, 14, 20 ಸೇರಿಸಿದರೆ ಇನ್ನೊಂದು, ಮೊದಲನೆಯದಕ್ಕಿಂತ 15 ಡಿಗ್ರಿ ತಿರುಗಿದ್ದು. ಹೀಗೆ ಆರು ಚೌಕ ಎಳೆದು, ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಹೊರ ಅಂಚು ಮಾತ್ರ ಉಳಿಸಿದರೆ ಡಂಬಳದ ತಳಪಾಯ. ಪ್ರತಿ ಮೂಲೆಯೂ ಚೌಕದ ಮೂಲೆ, ಅಂದರೆ 90 ಡಿಗ್ರಿ. ಗವಂಡಿಯ ಮಾಮೂಲಿ ಮೂಲೆಮಟ್ಟದಲ್ಲೇ ಎಲ್ಲ ಕಲ್ಲನ್ನೂ ಕಡಿಯಬಹುದು. ಈ ಉಪಾಯ ಅಲ್ಲಿದೆ. ಎರಡು ಚೌಕವಾದರೆ 8 ಮೂಲೆ, ನಾಲ್ಕಾದರೆ 16. ಹೊಯ್ಸಳ ನಾಡಿನಲ್ಲಿ ಹೆಚ್ಚು ಕಾಣುವುದು 16ರ ಲೆಕ್ಕ. ಆದರೆ 24ಕ್ಕೆ ಹೋದಾಗ ಒಂದು ನಷ್ಟವಿದೆ: ಮೂರ್ತಿ ನಿಲ್ಲಿಸುವಷ್ಟು ಚಪ್ಪಟೆ ಗೋಡೆಯೇ ಉಳಿಯುವುದಿಲ್ಲ. ಹಾಗಾಗಿ ಡಂಬಳದ ಗರ್ಭಗುಡಿಯ ಸುತ್ತ ದೇವದೇವತೆಗಳ ದೊಡ್ಡ ಸಾಲು ಹುಡುಕಬೇಡಿ, ಬಿಸಿಲು ಏಣಿನಿಂದ ಏಣಿಗೆ ಹಾರುವುದನ್ನು ನೋಡಿ. ಅದೇ ಏಣುಗಳು ಕಡಿಯದೆ ಶಿಖರದ ತುದಿಯವರೆಗೂ ಏರಿವೆ, ಹಲ್ಲಿನ ಗಾಲಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ. ಕಡ್ಡಾಯವಾಗಿ ನೋಡಲೇಬೇಕಾದ ಒಂದೇ ಒಂದು ಗುಡಿ ಹೇಳಿ ಎಂದರೆ ಹೆಚ್ಚಿನವರು ಇಟಗಿಯ ಮಹಾದೇವ ಗುಡಿ ಎನ್ನುತ್ತಾರೆ. ಕಟ್ಟಡದ ಬುದ್ಧಿವಂತಿಕೆಗಾದರೆ ಡಂಬಳವೇ ಮುಂದೆ.

ಹೊಯ್ಸಳರ ಹೆಸರು ಬಂದದ್ದರಿಂದ ಒಂದು ಮಾತು. ಎರಡೂ ಬಳಪದ ಕಲ್ಲು, ಎರಡರಲ್ಲೂ ಕಡೆದ ಕಂಬ, ಆದ್ದರಿಂದ ಫೋಟೋದಲ್ಲಿ ಮೋಸ ಹೋಗುವುದು ಸಹಜ. ಸುತ್ತ ನಡೆದಾಡುವಷ್ಟು ಅಗಲದ ಎತ್ತರದ ಜಗಲಿಯ ಮೇಲೆ ಗುಡಿ ನಿಂತಿದ್ದು, ಬುಡದಲ್ಲಿ ಆನೆ, ಕುದುರೆ, ಬಳ್ಳಿಯ ಪಟ್ಟಿಗಳು ಸಾಲಾಗಿ ಓಡುತ್ತಿದ್ದರೆ ಹೊಯ್ಸಳ. ಗುಡಿ ನೆಲದಿಂದಲೇ ಎದ್ದು, ಬುಡದಲ್ಲಿ ಪ್ರಾಣಿಗಳ ಬದಲು ಬರೀ ಏಣು-ತೋಡುಗಳ ಪಟ್ಟಿ ಇದ್ದರೆ ಚಾಲುಕ್ಯ. ಬೇಲೂರಿನ ಮದನಿಕೆಯರ ಅಕ್ಕಂದಿರನ್ನು ನೋಡಬೇಕಿದ್ದರೆ ತುಂಗಭದ್ರೆಯ ದಡದ ಕುರುವತ್ತಿಗೆ ಹೋಗಿ, ಮಲ್ಲಿಕಾರ್ಜುನ ಗುಡಿಯ ಕಂಬದ ಮೇಲಿನ ಬೊಂಬೆಗಳು ಅವೇ.

ಇಷ್ಟೆಲ್ಲ ಅಂದಾಜು. ಖಚಿತ ವರ್ಷ ಹೇಳುವುದು ಶಾಸನ. ಗುಡಿಯ ಅಂಗಳದಲ್ಲೋ ಗೋಡೆಗೆ ಆನಿಸಿಯೋ ನಿಂತ ಚಪ್ಪಡಿಯ ನೆತ್ತಿಯಲ್ಲಿ ಲಿಂಗ, ಪೂಜಿಸುವ ಯತಿ, ಆಕಳು-ಕರು, ಸೂರ್ಯ-ಚಂದ್ರ ಇದ್ದರೆ ಅದು ಶಿವಗುಡಿಯ ದತ್ತಿ ಶಾಸನ. ಲಿಪಿ ಹಳಗನ್ನಡದ್ದೇ, ನಮ್ಮ ಅಕ್ಷರದ ಅಜ್ಜ. ನಾಲ್ಕಾರು ಪದ ಗೊತ್ತಿದ್ದರೆ ಹಳ್ಳಿಯ ಹತ್ತನೇ ತರಗತಿ ಹುಡುಗರೂ ಸಾಲು ಗುರುತಿಸುತ್ತಾರೆ. ಮೊದಲಿಗೆ ಶಂಭುವಿನ ಸ್ತುತಿ, ‘ನಮಸ್ತುಂಗ ಶಿರಶ್ಚುಂಬಿ’ ಎಂದು ಶುರುವಾಗುವ ಶ್ಲೋಕ. ಆಮೇಲೆ ‘ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ’ ಎಂಬ ಚಾಲುಕ್ಯರ ಬಿರುದಿನ ಸರಮಾಲೆ, ಅದರ ಕೊನೆಗೆ ದೊರೆಯ ಬಿರುದು. ಇಲ್ಲಿ ಎಚ್ಚರ ಬೇಕು, ಶಾಸನ ಹೆಚ್ಚಾಗಿ ಹೆಸರಿಗಿಂತ ಬಿರುದನ್ನೇ ಹೇಳುತ್ತದೆ. ತ್ರೈಲೋಕ್ಯಮಲ್ಲ ಎಂದರೆ ಒಂದನೇ ಸೋಮೇಶ್ವರ, 1042ರಿಂದ 1068. ಭುವನೈಕಮಲ್ಲ ಎರಡನೇ ಸೋಮೇಶ್ವರ, 1076ರವರೆಗೆ. ತ್ರಿಭುವನಮಲ್ಲ ಆರನೇ ವಿಕ್ರಮಾದಿತ್ಯ, 1076ರಿಂದ 1126. ಭೂಲೋಕಮಲ್ಲ ಮೂರನೇ ಸೋಮೇಶ್ವರ. ತ್ರಿಭುವನಮಲ್ಲ ಎಂಬ ಬಿರುದನ್ನು ಆಮೇಲಿನವರೂ ಇಟ್ಟುಕೊಂಡಿದ್ದರಿಂದ ವರ್ಷ ನೋಡದೆ ತೀರ್ಮಾನಕ್ಕೆ ಬರಬಾರದು.

ವರ್ಷ ಎರಡು ಬಗೆಯಲ್ಲಿ ಬರುತ್ತದೆ. ‘ಶಕವರ್ಷ’ ಎಂದಿದ್ದರೆ 78 ಕೂಡಿಸಿ. ‘ಚಾಳುಕ್ಯವಿಕ್ರಮವರ್ಷ’ ಎಂದಿದ್ದರೆ 1075 ಕೂಡಿಸಿ, ಏಕೆಂದರೆ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು 1076ರಿಂದ ತನ್ನದೇ ಎಣಿಕೆ ಶುರು ಮಾಡಿದ. 37ನೇ ವರ್ಷ ಎಂದರೆ 1112. ಆತನ ದಂಡನಾಯಕ ಮಹಾದೇವ ಇಟಗಿಯ ಗುಡಿ ಕಟ್ಟಿಸಿದ ವರ್ಷ ಅದೇ. ಜೊತೆಗೆ ಸಂವತ್ಸರದ ಹೆಸರು, ತಿಂಗಳು, ತಿಥಿ, ವಾರವೂ ಇರುತ್ತವೆ. ಗ್ರಹಣ, ಸಂಕ್ರಾಂತಿಯ ದಿನಗಳೇ ಹೆಚ್ಚು. ದಾನಕ್ಕೆ ಅವು ಒಳ್ಳೆಯ ದಿನ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಅಂಕಿ ಅಳಿಸಿಹೋದಾಗ ದೊರೆಯ ಬಿರುದಿನ ಜೊತೆಗಿಟ್ಟು ವರ್ಷ ಹಿಡಿಯಲು ನೆರವಾಗುತ್ತದೆ. ಬೇಸಿಗೆಯ ನಡುಹಗಲಲ್ಲಿ ಎದುರು ನಿಂತು ಓದಲು ಹೋಗಬೇಡಿ, ಒಂದಕ್ಷರವೂ ಕಾಣದು. ಬೆಳಗಿನ ಏಳೂವರೆ ಅಥವಾ ಸಂಜೆ ಐದರ ಓರೆ ಬಿಸಿಲಲ್ಲಿ ಅದೇ ಚಪ್ಪಡಿ ಗೊಣಗುಟ್ಟದೆ ಮಾತಾಡುತ್ತದೆ. ಫೋಟೋಕ್ಕೂ ಅಷ್ಟೇ, ಫ್ಲ್ಯಾಷ್ ಎದುರಿನಿಂದ ಹಾಕಿದರೆ ಅಕ್ಷರ ಮಾಯ, ಪಕ್ಕದಿಂದ ಬೆಳಕು ಕೊಟ್ಟರೆ ಹಾಜರು. ಅಕ್ಷರದ ಮೇಲೆ ಸೀಮೆಸುಣ್ಣ, ಹಿಟ್ಟು, ವಿಭೂತಿ, ಎಣ್ಣೆ ಉಜ್ಜುವ ಚಾಳಿ ಬಿಡಬೇಕು. ಒಂದು ಸಲ ಉಜ್ಜಿದ ಎಣ್ಣೆ ಧೂಳು ಹಿಡಿದು ತೋಡುಗಳನ್ನು ಶಾಶ್ವತವಾಗಿ ಮುಚ್ಚುತ್ತದೆ.

ಇಟಗಿಯ ಶಾಸನವೇ ಆ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಕಟ್ಟಿಸಿದವರು ತಮ್ಮ ಕಟ್ಟಡವನ್ನು ಹೊಗಳಿಕೊಳ್ಳುವುದು ಹೊಸದಲ್ಲ, ಆದರೆ ಇಲ್ಲಿ ಹೊಗಳಿಕೆ ಸುಳ್ಳಾಗಿಲ್ಲ. ಪಕ್ಕದಲ್ಲಿ ದಂಡನಾಯಕನ ತಂದೆ-ತಾಯಿಯ ಹೆಸರಿನ ಮೂರ್ತಿನಾರಾಯಣ, ಚಂದ್ರಲೇಶ್ವರಿ ಗುಡಿಗಳಿವೆ, ಸುತ್ತ 13 ಕಿರುಗುಡಿಗಳು. ಮುಖ್ಯ ಗುಡಿಯ ನೋಟದಲ್ಲೇ ಕಳೆದುಹೋಗಿ ಇವನ್ನು ಬಿಟ್ಟು ಬರುವವರೇ ಹೆಚ್ಚು.

ಶಾಸನದ ಎರಡನೇ ಅರ್ಧದಲ್ಲಿ ಆಡಳಿತ ಇದೆ. ಗುಡಿಯ ಕಾಳಾಮುಖ ಎಂಬ ಶೈವ ಪಂಥದ ಆಚಾರ್ಯನ ‘ಕಾಲಂ ಕರ್ಚಿ ಧಾರಾಪೂರ್ವಕಂ’ ಕೊಟ್ಟದ್ದು, ಅಂದರೆ ಕಾಲು ತೊಳೆದು ಕೈಗೆ ನೀರೆರೆದು ದಾನ ಮಾಡಿದ್ದು. ಎಷ್ಟು ಮತ್ತರು (ಆಗಿನ ನೆಲದಳತೆ) ಭೂಮಿ, ಅದರ ಮೇರೆ ಯಾವ ಹಳ್ಳ, ಯಾವ ದಾರಿ, ಯಾವ ಮರ. ಯಾತಕ್ಕೆ? ದೇವರ ಅಂಗಭೋಗ (ಅಭಿಷೇಕ, ಅಲಂಕಾರ), ರಂಗಭೋಗ (ಹಾಡು, ಕುಣಿತ), ನಂದಾದೀವಿಗೆ, ತಪೋಧನರ ಊಟ, ಮತ್ತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಈ ಕೊನೆಯ ಪದದ ಮೇಲೆ ಬೆರಳಿಡಬೇಕು. ಖಂಡ ಎಂದರೆ ಒಡೆದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಗುಡಿ ಹೊಸದಿರುವಾಗಲೇ ಅದರ ರಿಪೇರಿಗೆ ಹೊಲ ಬರೆದಿಟ್ಟಿದ್ದಾರೆ. ಆ ಹೊಲದ ಉತ್ಪನ್ನ ನಿಂತಂದಿನಿಂದ ಗುಡಿಯ ಆರೋಗ್ಯವೂ ಕೆಟ್ಟಿತು. ಎಲ್ಲಕ್ಕೂ ಕೊನೆಗೆ ಶಾಪ: ಈ ಧರ್ಮ ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗಲಿ, ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟಲಿ.

ಕೆಡುವುದು ಹೇಗೆ ಎಂಬುದನ್ನೂ ನೋಡೋಣ. ಮೊದಲ ಶತ್ರು ನೆತ್ತಿಯ ಮೇಲಿದೆ. ಛಾವಣಿಯ ಚಪ್ಪಡಿಗಳ ಸಂದುಗಳನ್ನು ಹಿಂದೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆಯಿಂದ ಮುಚ್ಚಿ ನೀರು ಇಳಿಯಲು ವಾಟ ಕೊಡುತ್ತಿದ್ದರು. ಆ ಗಾರೆ ಸತ್ತಾಗ ನೀರು ಸಂದಿಗಿಳಿಯುತ್ತದೆ, ಮುಂದೆ ಗೋಡೆಯೊಳಗೆ ಹೋಗುತ್ತದೆ. ಗೋಡೆ ಒಂದೇ ದಪ್ಪದ ಕಲ್ಲಲ್ಲ, ಒಳಗೊಂದು ಹೊರಗೊಂದು ಕಲ್ಲಿನ ಮೈ, ನಡುವೆ ಮಣ್ಣು-ಜಲ್ಲಿ. ಆ ಜಲ್ಲಿ ನೀರು ಕುಡಿದು ಕೆಳಗೆ ಕುಸಿದರೆ ಹೊರಮೈ ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಗೋಡೆಯ ಮೂಲೆಗೆ ಕಣ್ಣು ತಾಗಿಸಿ ಉದ್ದಕ್ಕೆ ನೋಡಿದರೆ ಈ ಉಬ್ಬು ಸ್ಪಷ್ಟ ಕಾಣುತ್ತದೆ. ಎರಡನೆಯದು ಅರಳಿ, ಆಲ. ಹಕ್ಕಿ ಹಾಕಿದ ಒಂದು ಬೀಜ ಶಿಖರದ ಸಂದಿನಲ್ಲಿ ಮೊಳೆತರೆ ಹತ್ತು ವರ್ಷದಲ್ಲಿ ಬೇರು ಕಲ್ಲನ್ನೇ ಎತ್ತುತ್ತದೆ. ಭಕ್ತಿಯಿಂದಲೋ ಉತ್ಸಾಹದಿಂದಲೋ ಅದನ್ನು ಹಿಡಿದೆಳೆದರೆ ಗಿಡದ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸಾಯುವಂತೆ ಮಾಡಿ, ಒಣಗಿದ ಮೇಲಷ್ಟೇ ಬಿಡಿಸಬೇಕು.

ಮೂರನೆಯದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಗರ್ಭಗುಡಿಯ ಭಾರಕ್ಕೆ ಅದರಡಿಯ ಮಣ್ಣು ಅಲುಗದಿದ್ದರೂ ತೆರೆದ ಮಂಟಪದ ಹೊರಸಾಲಿನ ಹಗುರ ಕಂಬಗಳು ಪ್ರತಿವರ್ಷ ಏರಿ ಇಳಿಯುತ್ತವೆ. ಹಾಗಾಗಿ ವಾಲಿದ ಕಂಬ ಕಾಣುವುದು ಸಾಮಾನ್ಯವಾಗಿ ಹೊರಸಾಲಿನಲ್ಲೇ. ನೀರು ಬುಡದಲ್ಲಿ ನಿಲ್ಲದಂತೆ ಹರಿದುಹೋಗುವ ದಾರಿ ಮಾಡುವುದೇ ಮದ್ದು. ಅಧಿಷ್ಠಾನಕ್ಕೆ ತಾಗಿಸಿ ಹುಲ್ಲುಹಾಸು ಬೆಳೆಸಿ ದಿನಾ ನೀರುಣಿಸುವುದು ಎರೆನೆಲದಲ್ಲಿ ಕಾಯಿಲೆಗೆ ಹಾಲೆರೆದಂತೆ.

ಬಳಪದ ಕಲ್ಲಿಗೇ ಸೇರಿದ ಒಂದು ದೋಷವೂ ಇದೆ. ಅದು ಪದರದ ಕಲ್ಲು. ಗಣಿಯಲ್ಲಿ ಮಲಗಿದ್ದಂತೆಯೇ ಗೋಡೆಯಲ್ಲೂ ಪದರ ಅಡ್ಡವಾಗಿ ಬರುವಂತೆ ಇಟ್ಟರೆ ಬಾಳಿಕೆ. ಪದರ ನಿಂತುಕೊಂಡು ಬಿಸಿಲಿಗೆ ಮುಖ ಮಾಡಿದರೆ ಪುಸ್ತಕದ ಹಾಳೆಯಂತೆ ಕೆತ್ತನೆಯೇ ಸಿಪ್ಪೆ ಸಿಪ್ಪೆಯಾಗಿ ಕಳಚುತ್ತದೆ. ಇನ್ನು ಮೆತ್ತನೆಯ ಕಲ್ಲಾದ್ದರಿಂದ ಮೊಳೆಯಲ್ಲಿ ಹೆಸರು ಕೆತ್ತುವವರಿಗೂ ಸುಲಭ, ಅವರ ಬಗ್ಗೆ ಶಾಸನದ ಕೊನೆಯ ಸಾಲು ನೆನಪಿಸಿಕೊಂಡರೆ ಸಾಕು.

ಸಿಮೆಂಟು ಮಾಡುವ ಹಾನಿ ನಿಧಾನದ್ದು, ಅದಕ್ಕೇ ಯಾರಿಗೂ ಕಾಣುವುದಿಲ್ಲ. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗಿದ್ದು ಉಸಿರಾಡುತ್ತದೆ, ತೇವ ಅದರ ಮೂಲಕ ಹೊರಹೋಗುತ್ತದೆ, ಕೆಡುವುದಿದ್ದರೆ ಗಾರೆ ಕೆಡುತ್ತದೆ, ಅದನ್ನು ಬದಲಿಸಬಹುದು. ಸಿಮೆಂಟು ದಾರಿ ಮುಚ್ಚುತ್ತದೆ. ತೇವ ಪಕ್ಕದ ಕಲ್ಲಿನಿಂದ ಹೊರಬರುತ್ತದೆ, ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಅಂಚನ್ನು ಉದುರಿಸುತ್ತದೆ. ಸಂದಿನ ಸಿಮೆಂಟು ಗಟ್ಟಿ ನಿಂತು ಅದರ ಎರಡೂ ಬದಿಯ ಕಲ್ಲು ಪುಡಿಯಾಗಿರುವುದನ್ನು ಕಂಡರೆ ಕಾರಣ ಇದೇ. ಸರಿಯಾದ ಕೆಲಸಕ್ಕೆ ಅರಳಿಸಿ ದಿನಗಟ್ಟಲೆ ಕೊಳೆಹಾಕಿದ ಸುಣ್ಣ ಒಂದು ಪಾಲು, ಮರಳು ಮತ್ತು ಇಟ್ಟಿಗೆ ಪುಡಿ ಸೇರಿ ಎರಡು ಪಾಲು, ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಬೇಗ ಒಣಗಿದರೆ ಬಿರಿಯುತ್ತದೆ, ಆದ್ದರಿಂದ ಒದ್ದೆ ಗೋಣಿ ಹೊದಿಸಿ ತಣ್ಣಗಿಡಬೇಕು. ಆಯಿಲ್ ಪೇಂಟಿನದೂ ಸಿಮೆಂಟಿನದೇ ಕಥೆ. ಬಳಿದ ಬಣ್ಣವನ್ನು ಮರಳು ಚಿಮ್ಮಿಸಿ ತೆಗೆದರೆ ಬಣ್ಣದ ಜೊತೆ ಕಡೆದ ಗೆರೆಗಳೂ ಹೋಗುತ್ತವೆ. ಕಂಬದ ಮೇಲಿನ ಆ ಸೂಕ್ಷ್ಮ ಗೆರೆಗಳು ಒಂದೂ ಸಿಗದಿದ್ದರೆ ಒಮ್ಮೆ ಇಂಥ ‘ಸ್ವಚ್ಛತೆ’ ನಡೆದಿದೆ ಎಂದು ತಿಳಿಯಿರಿ.

ಹೋಗಿಬರುವ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗದಗದಲ್ಲಿ ಉಳಿದರೆ ಎಲ್ಲವೂ ಹತ್ತಿರ. ಊರೊಳಗೇ ತ್ರಿಕೂಟೇಶ್ವರ, ಸರಸ್ವತಿ, ಮತ್ತು ಕುಮಾರವ್ಯಾಸ ಭಾರತ ಬರೆದ ವೀರನಾರಾಯಣ ಗುಡಿ. ಲಕ್ಕುಂಡಿ ಹೊಸಪೇಟೆ ರಸ್ತೆಯಲ್ಲಿ 12 ಕಿಲೋಮೀಟರ್. ಅಲ್ಲಿಗೆ ಅರ್ಧ ದಿನ ಸಾಲದು, ಮಾಣಿಕೇಶ್ವರದ ಮುಂದಿನ ಮುಸುಕಿನ ಬಾವಿಗೇ ಒಂದು ಗಂಟೆ ಬೇಕು. ಅದೇ ದಿಕ್ಕಿನಲ್ಲಿ ಮುಂದುವರಿದರೆ ಕುಕನೂರು, ಇಟಗಿ. ಡಂಬಳ ಬೇರೆ ದಾರಿ, ಮುಂಡರಗಿ ಕಡೆಗೆ. ಅಣ್ಣಿಗೇರಿ ಹುಬ್ಬಳ್ಳಿ ದಾರಿಯಲ್ಲಿ. ಜೋಡು ಕಳಸದ ಗುಡಿ ಮತ್ತು ನಾಗಕುಂಡಕ್ಕಾಗಿ ಗಜೇಂದ್ರಗಡದ ಹತ್ತಿರದ ಸೂಡಿಗೆ ಪ್ರತ್ಯೇಕ ದಿನ ಇಟ್ಟುಕೊಳ್ಳಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಳೆಯಲ್ಲಿ ಹೋದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಎರಡೆರಡು ಕಿಲೋ ಆಗುತ್ತದೆ. ಒಳಗಿನ ಕೆಲಸಕ್ಕೆ ಟಾರ್ಚ್, ಛಾವಣಿ ನೋಡಲು ಸಣ್ಣ ಕನ್ನಡಿ ಇರಲಿ. ಕನ್ನಡಿ ಹಿಡಿದರೆ ಕತ್ತು ಉಳಿಯುತ್ತದೆ.

ಗುಡಿಯ ಹಿಂದೆ, ಕಾಂಪೌಂಡಿನ ಮೂಲೆಯಲ್ಲಿ, ಸಾಲಾಗಿ ಜೋಡಿಸಿಟ್ಟ ಬಿದ್ದ ಕಲ್ಲುಗಳನ್ನೂ ನೋಡಿ ಬನ್ನಿ. ಗೋಡೆಯಲ್ಲಿದ್ದಾಗ ಕಾಣದ ಬದಿಗಳು ಅಲ್ಲಿ ಕಾಣುತ್ತವೆ: ಒರಟಾಗಿ ಬಿಟ್ಟ ಹಿಂಬದಿ, ಉಳಿಯ ಏಟುಗಳು, ಪಕ್ಕದ ಕಲ್ಲಿಗೆ ಕೂರಲು ತೆಗೆದ ತೋಡು. ಕೆಲವು ಕಲ್ಲುಗಳ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳಿರುತ್ತವೆ. ಹೊಟ್ಟೆ ಬಿಟ್ಟ ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟುವ ಮೊದಲು ಎಷ್ಟನೇ ವರಸೆ, ಎಡದಿಂದ ಎಷ್ಟನೇ ಕಲ್ಲು ಎಂದು ಹಾಕಿದ ಗುರುತು ಅದು. ಅಂದಗೆಡಿಸಿದ್ದಾರೆಂದು ಒದ್ದೆ ಬಟ್ಟೆ ಹಿಡಿದು ಉಜ್ಜಲು ಹೋಗಬೇಡಿ. ಅಂಕಿ ಅಳಿಸಿದರೆ ಆ ಕಲ್ಲಿಗೆ ಮನೆ ವಿಳಾಸ ಇಲ್ಲವಾಗುತ್ತದೆ.